ನನ್ನ ಸೋಮವಾರ ಹೊತ್ತವರು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ಮದರಂಗಿಯಲ್ಲ, ಎಲೆ-ಅಡಿಕೆಯ ಕಲೆಯೂ ಅಲ್ಲ. ಕೆಂಪು ಪೆನ್ಸಿಲಿನ ಪುಡಿ ಉಗುರಿನ ಸಂದಿಯಲ್ಲಿ ಕೂತು ಕೂತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮಡಚಿದ ಮೊಣಕಾಲ ಮೇಲೊಂದು ಹಲಗೆ, ಹಲಗೆಯ ಮೇಲೆ ಸಣ್ಣ ಸಣ್ಣ ಚೌಕದ ಹಾಳೆ. ಆ ಉಗುರು ಒಂದೊಂದೇ ಚೌಕವನ್ನು ಮುಟ್ಟುತ್ತ ಸರಿಯುತ್ತಿತ್ತು, ಬಾಯಿ ತನ್ನಷ್ಟಕ್ಕೆ ತಾನು ಅನ್ನುತ್ತಿತ್ತು: "ಎರಡ ಬಿಡು, ಮೂರ ಹಿಡಿ. ಎರಡ ಬಿಡು, ಮೂರ ಹಿಡಿ." ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಅವರು ಹೀಗೆ ಚೌಕ ತುಂಬಿ ಬರೆದು ಕೊಡುತ್ತಿದ್ದರು. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರಿಗೆ ಹೊಸ ದಡಿ ಬೇಕಾದರೂ ಅವರ ಕಟ್ಟೆಗೇ ಬರಬೇಕು. ನನಗೆ ಅವರು ಗೋಡೆಗೆ ಗೋಡೆ ಹತ್ತಿದ ಮನೆಯ ಕಾಕಾ. ರಕ್ತಸಂಬಂಧ ಏನೂ ಇರಲಿಲ್ಲ.

ನಾನು ಮುಂಡರಗಿಯವಳು. ಮದುವೆಯಾಗಿ ಬೆಟಗೇರಿಗೆ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ತಲೆನೋವೂ ಒಂದು. ತಿಂಗಳಿಗೊಮ್ಮೆ ಬರುತ್ತಿದ್ದದ್ದು, ಇಲ್ಲಿ ಬಂದ ಮೇಲೆ ವಾರಕ್ಕೊಮ್ಮೆ ಬರತೊಡಗಿತು. ಎಡಗಣ್ಣಿನ ಹಿಂದೆ ಯಾರೋ ಒಳಗಿನಿಂದ ಹೆಬ್ಬೆರಳು ಒತ್ತಿದಂತೆ. ಬೆಳಕು ಬೇಡ, ಸಪ್ಪಳ ಬೇಡ, ಒಗ್ಗರಣೆಯ ವಾಸನೆ ಬೇಡ. ಹಳದಿ ನೀರು ವಾಂತಿಯಾಗುವವರೆಗೆ ಬಿಡುತ್ತಿರಲಿಲ್ಲ. ಹಳದಿ ನೀರು ಬಿತ್ತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಪಿತ್ತ. ದವಾಖಾನೆಗೆ ಹೋದರೆ ನಾನೇ "ಪಿತ್ತ ಆಗೇತ್ರಿ" ಅನ್ನುತ್ತಿದ್ದೆ, ಡಾಕ್ಟರು ಪಿತ್ತದ ಗುಳಿಗೆ ಕೊಡುತ್ತಿದ್ದರು. ಅವರನ್ನು ಬೈದು ಉಪಯೋಗವಿಲ್ಲ, ಹೆಸರು ಇಟ್ಟುಕೊಂಡು ಹೋದವಳು ನಾನು. ಒಬ್ಬರು ಹಲ್ಲಿನಿಂದ ಅಂದರು, ಎಡಗಡೆಯ ದವಡೆ ಹಲ್ಲು ಕೀಳಿಸಿಕೊಂಡೆ. ಒಬ್ಬರು ಕಣ್ಣಿನಿಂದ ಅಂದರು, ಚಸ್ಮಾ ಬಂತು. ಶಿರಹಟ್ಟಿ ಹತ್ತಿರದ ಹಳ್ಳಿಯಲ್ಲಿ ಮೂಗಿಗೆ ಸೊಪ್ಪಿನ ರಸ ಬಿಡುವವರಿದ್ದಾರೆಂದು ನಮ್ಮವ್ವ ಕರೆದುಕೊಂಡು ಹೋದಳು. ಆ ಉರಿಯಲ್ಲಿ ಒಂದು ತಾಸು ತಲೆನೋವು ಮರೆತದ್ದು ಖರೆ.

ನಮ್ಮತ್ತೆಯವರು ಕೆಟ್ಟವರಲ್ಲ. ಆದರೆ ನೋಡುವವರಿಗೆ ಈ ಜಡ್ಡು ಕಾಣುವುದಿಲ್ಲವಲ್ಲ. ಜ್ವರವಿಲ್ಲ, ಬಾವಿಲ್ಲ. "ಹಬ್ಬ ಬಂತಂದ್ರ ಇಕಿ ತಲಿನೂ ಬರತೈತಿ ನೋಡ್ರಿ" ಎಂದು ಬಂದವರೆದುರು ಅನ್ನುತ್ತಿದ್ದರು. ಮಾತು ಸುಳ್ಳಲ್ಲ, ಹಬ್ಬದ ದಿನ ಬಂದೇ ಬರುತ್ತಿತ್ತು. ಅದಕ್ಕೇ ನನಗೂ ಒಮ್ಮೊಮ್ಮೆ ಸಂಶಯ ಬರುತ್ತಿತ್ತು, ನಾನೇ ನೆವ ಮಾಡುತ್ತಿದ್ದೇನೆಯೇ ಎಂದು. ನೋವಿಗಿಂತ ಆ ಸಂಶಯ ಕೆಟ್ಟದ್ದು.

ಗುಳಿಗೆಗೆ ಬಗ್ಗದ್ದು ದೇವರಿಗೆ ಬಗ್ಗೀತೆಂದು ಹರಕೆ ಹೊತ್ತೆ. ಶಿವನಿಗೆ ಸೋಮವಾರ ನಿರಾಹಾರ, ಸಂಜೆ ಪೂಜೆಯಾಗುವವರೆಗೆ ತೊಟ್ಟು ನೀರೂ ಇಲ್ಲ. ನೋವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನನ್ನ ಭಕ್ತಿ ಸಾಲದು ಅಂದುಕೊಂಡು ದೇವಿಗೆ ಶುಕ್ರವಾರವನ್ನೂ ಹಿಡಿದೆ.

ನಮ್ಮ ಒಳಗಿನ ಕೋಣೆಯ ಕಿಟಕಿ ನಡುಗೋಡೆಯಲ್ಲೇ, ಕಾಕಾನ ಪಡಸಾಲೆಗೆ ತೆರೆಯುತ್ತಿತ್ತು. ಅಲ್ಲಿ ಅವರ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕಾಕಾ, ಕಾಕಿ ಪಾಳಿಯ ಮೇಲೆ ನೇಯುತ್ತಿದ್ದರು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಅದರ ಸಪ್ಪಳ. ತಲೆ ಏರಿದಾಗ ನಾನು ಕಿಟಕಿ ಮುಚ್ಚಿ ಮಲಗುತ್ತಿದ್ದೆ, ಸ್ವಲ್ಪ ಹೊತ್ತಿಗೆ ಮಗ್ಗದ ಸಪ್ಪಳವೂ ನಿಲ್ಲುತ್ತಿತ್ತು. ಊಟಕ್ಕೆ ಎದ್ದಿರಬೇಕು, ಎಳೆ ಹರಿದಿರಬೇಕು ಅಂದುಕೊಳ್ಳುತ್ತಿದ್ದೆ. ಎರಡು ವರ್ಷ ಹಾಗೇ ಅಂದುಕೊಂಡೆ. ಒಂದು ದಿನ ನಳದ ಹತ್ತಿರ ಕಾಕಿ ಸಿಟ್ಟಿನಲ್ಲಿ ಬಾಯಿಬಿಟ್ಟರು.

"ಅಲ್ಲಬೇ, ನಿನ್ನ ಕಿಡಕಿ ಮುಚ್ಚಿದ ಕೂಡ್ಲೇ ನಮ್ಮ ಮಗ್ಗ ಮಲಗತೈತಿ. 'ಅಕಿಗೆ ಜಡ್ಡ ಬಂದೈತಿ, ಏಳು' ಅಂತ ನಂಗ ಎಬ್ಬಸತಾರ. ಹಿಂಗಾದ್ರ ಸೀರಿ ಯಾವಾಗ ಮುಗೀಬೇಕು?"

ನಾನು ಕೊಡ ಅಲ್ಲಿಯೇ ಬಿಟ್ಟು ಕಟ್ಟೆಗೆ ಹೋದೆ. ಕಾಕಾ ಹಲಗೆ ಇಟ್ಟುಕೊಂಡು ಕೂತಿದ್ದರು.

"ನೀವು ಮಗ್ಗ ನಿಲ್ಲಸಬ್ಯಾಡ್ರಿ ಕಾಕಾ. ನಂಗ ರೂಢಿ ಆಗೇತಿ."

"ಬ್ಯಾನಿ ರೂಢಿ ಆಗತೈತೇನು?" ಎಂದರು ತಲೆ ಎತ್ತದೆ. "ಕುಂಡ್ರು. ಅದು ಬರೂಮುಂದ ಏನೇನ ಆಗತೈತಿ, ಅಷ್ಟ ಹೇಳು. ಹೆಸರ ಹೇಳಬ್ಯಾಡ."

ಅಷ್ಟು ವರ್ಷಗಳಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ಹೇಳಿದೆ. ಮೊದಲು ಕಣ್ಣೆದುರು ಒಂದು ಚುಕ್ಕಿ, ಅದರಿಂದಾಚೆ ಕಾಣದು. ಚುಕ್ಕಿ ಬೆಳೆದು ಕುಡಗೋಲಿನ ಹಾಗೆ ಬಾಗುತ್ತದೆ, ಅದರ ಅಂಚಿಗೆ ಹೊಳೆಯುವ ಹಲ್ಲುಗಳು, ಅವು ನಡುಗುತ್ತವೆ. ಕಾಕಾ ಕೇಳುತ್ತಲೇ ಹಾಳೆಯ ಮೂಲೆಯಲ್ಲಿ ಚೌಕ ತುಂಬತೊಡಗಿದರು. "ಹಲ್ಲು ಚೂಪೋ, ಮೊಂಡೋ? ಸೆರಗಿನ ತೆನಿ ಇದ್ದಂಗೋ?" ಎಂದು, ಸೆರಗಿಗೆ ನೇಯುವ ಹಲ್ಲಿನಂಥ ತೆನೆಯನ್ನು ಬೆರಳಲ್ಲಿ ತೋರಿಸಿ ಕೇಳಿ, ಅಳಿಸಿ, ಮತ್ತೆ ತುಂಬಿ, ಹಾಳೆ ನನ್ನ ಕಡೆಗೆ ತಿರುಗಿಸಿದರು.

ನನ್ನ ಕಣ್ಣಿನೊಳಗೆ ಮಾತ್ರ ಇದ್ದದ್ದು ಅವರ ಹಾಳೆಯ ಮೇಲೆ ಬಂದಿತ್ತು. ಕಾಕಾ ಅದನ್ನು ನೋಡುತ್ತ, "ಇಷ್ಟ ನಮೂನಿ ನೆವ ಮಾಡಾಕ ಬರಂಗಿಲ್ಲ" ಎಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಎಷ್ಟು ಸಲ ದೇವರಿಗೆ ಕೈಮುಗಿದಿದ್ದೇನೋ.

ಮರುದಿನ ಒಂದು ಹೊಸ ಹಾಳೆ, ಒಂದು ತುಂಡು ಕೆಂಪು ಪೆನ್ಸಿಲ್ ಕೊಟ್ಟರು. ಅಡ್ಡಕ್ಕೆ ಏಳು ಚೌಕ, ಆದಿತ್ಯವಾರದಿಂದ ಶನಿವಾರದವರೆಗೆ. ವಾರಕ್ಕೊಂದು ಸಾಲು. "ಬ್ಯಾನಿ ಬಂದ ದಿನ ಮನಿ ತುಂಬು. ಅರ್ಧಾ ಬಂತಂದ್ರ ಅರ್ಧಾ ತುಂಬು. ಬರಲಿಲ್ಲಂದ್ರ ಖಾಲಿ ಬಿಡು. ಮತ್ತೇನೂ ವಿಚಾರ ಮಾಡಬ್ಯಾಡ." ಆ ಹಾಳೆಯನ್ನು ಅಡುಗೆಮನೆಯ ಡಬ್ಬಿಯ ಹಿಂದೆ ಇಟ್ಟು ಮೂರು ತಿಂಗಳು ತುಂಬಿದೆ. ಸಣ್ಣ ನೋವಿಗೆ ತುಂಬಲು ನಾಚಿಕೆ. ತುಂಬದಿದ್ದರೆ ಕಾಕಾಗೆ ಸುಳ್ಳು ಹೇಳಿದಂತೆ. ತುಂಬುತ್ತ ಹೋದೆ.

ತುಂಬಿದ ಹಾಳೆಯನ್ನು ನಾನು ತಿರುಗಿ ಕೊಟ್ಟ ದಿನ ಕಾಕಾ ಅದನ್ನು ಹತ್ತಿರ ಹಿಡಿದು ನೋಡಲಿಲ್ಲ. ಗೋಡೆಗೆ ಆನಿಸಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸೀರೆ ನೋಡುವಂತೆ ನೋಡಿದರು. ಮಗ್ಗದಲ್ಲಿದ್ದ ಕಾಕಿಯೂ ಕೈ ನಿಲ್ಲಿಸಿದರು.

"ಯವ್ವಾ, ಇದರಾಗ ದಡಿ ಬಿದ್ದೈತಿ."

ನನಗೂ ಕಂಡಿತು. ಸೋಮವಾರ-ಮಂಗಳವಾರದ ಚೌಕಗಳು ಮೇಲಿಂದ ಕೆಳಗೆ ಒಂದು ಕೆಂಪು ಪಟ್ಟಿ. ಶುಕ್ರವಾರ-ಶನಿವಾರದ್ದು ಇನ್ನೊಂದು. ನಡುವೆ ಅಲ್ಲಲ್ಲಿ ಒಂದೆರಡು ಚುಕ್ಕಿ.

"ದಡಿ ತಾನ ಬೀಳಂಗಿಲ್ಲ," ಎಂದರು ಕಾಕಾ. "ಸೋಮವಾರ ಏನ ಮಾಡತಿ ನೀ?"

"ಏನೂ ಮಾಡಂಗಿಲ್ಲ ಕಾಕಾ. ಉಪಾಸ ಇರತೀನಿ."

"ಶುಕ್ರವಾರ?"

"ಅವತ್ತೂ ಉಪಾಸ."

"ಯಾತಕ್ಕ?"

"ತಲಿಬ್ಯಾನಿ ಹೋಗ್ಲಿ ಅಂತ."

ಕಾಕಿ ಪಕ್ಕೆಂದು ನಕ್ಕರು. ಕಾಕಾ ಅವರ ಕಡೆ ಒಮ್ಮೆ ನೋಡಿದ ಮೇಲೆ ನಗು ನಿಂತಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. "ದೇವರ ಮ್ಯಾಲ ಹಾಕತೀರೇನು? ನನ್ನ ಹರಕಿನ ನನಗ ಜಡ್ಡ ತಂತು ಅಂತೀರೇನು?" ಎಂದು ಏನೇನೋ ಅಂದೆ. ಹಾಳೆಯನ್ನು ಅಲ್ಲಿಯೇ ಬಿಟ್ಟು ಎದ್ದು ಬಂದೆ. ಒಂದು ತಿಂಗಳು ಆ ಕಟ್ಟೆ ತುಳಿಯಲಿಲ್ಲ. ಛಲಕ್ಕೆ ಬಿದ್ದು ಎರಡೂ ಉಪವಾಸ ಮತ್ತಷ್ಟು ಬಿಗಿಯಾಗಿ ಹಿಡಿದೆ. ನೋವು ತಪ್ಪದೆ ಬರುತ್ತಿತ್ತು. ಕಿಟಕಿ ಮುಚ್ಚುತ್ತಿದ್ದೆ. ಮಗ್ಗ ನಿಲ್ಲುತ್ತಿತ್ತು. ಮಾತು ಬಿಟ್ಟವಳಿಗೂ ಮಗ್ಗ ನಿಲ್ಲಿಸಿದರಲ್ಲ ಆ ಮನುಷ್ಯ.

ನಮ್ಮ ಮನೆಯವರಿಗೆ ಲೇಥ್ ವರ್ಕ್‌ಶಾಪು. ಕಾಕಾ ಒಂದು ದಿನ ಅಲ್ಲಿಗೇ ಹೋಗಿ ಆ ಎರಡೂ ಹಾಳೆಗಳನ್ನು, ಹಲ್ಲಿನ ತೆನೆ ಬರೆದದ್ದನ್ನೂ ಮೂರು ತಿಂಗಳ ಚೌಕದ್ದನ್ನೂ, ಅವರ ಕೈಗೆ ಕೊಟ್ಟು ಬಂದಿದ್ದರು. "ಅಕಿ ಬಾಯಿಲೆ ಏನೂ ಹೇಳಸಬ್ಯಾಡ. ಡಾಕ್ಟರಿಗೆ ಇದನ್ನ ತೋರಸು" ಎಂದಿದ್ದರಂತೆ. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಗದಗಿಗೆ ಬರುವ ನರರೋಗದ ಡಾಕ್ಟರೊಬ್ಬರಿದ್ದರು, ಹೆಣ್ಣುಮಗಳು. ನಾನು ರೂಢಿಯಂತೆ "ಪಿತ್ತ" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಇವರು ಹಾಳೆ ಬಿಡಿಸಿ ಮೇಜಿನ ಮೇಲಿಟ್ಟರು. ಡಾಕ್ಟರು ನನ್ನ ಮುಖ ನೋಡುವ ಮೊದಲು ಹಾಳೆ ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಬರೆದದ್ದು?"

"ನಮ್ಮ ಬಾಜೂ ಮನಿ ಮಗ್ಗದವರ್ರಿ."

"ಅವರಿಗೆ ನನ್ನ ನಮಸ್ಕಾರ ಹೇಳ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಒಂದೊಂದೇ ಕೇಳಿದರು. ತಲೆಯ ಸ್ಕ್ಯಾನಿಂಗ್ ಒಂದು ಆಗಲಿ ಎಂದರು. ಅದರಲ್ಲಿ ಏನೂ ಇರಲಿಲ್ಲ, ಶಿವನ ದಯೆ. ಇದು ಪಿತ್ತವಲ್ಲ, ಮೈಗ್ರೇನು, ಅರೆತಲೆನೋವು ಅಂತ ಹೇಳಿದರು. ಪೂರ್ತಿ ಹೋಗುವ ಮಾತು ಕೊಡಲಾರೆ, ಹತೋಟಿಗೆ ತರಬಹುದು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಹಸಿದಿರಬಾರದು ಎಂದರು. ದವಾಖಾನೆಯ ಹೊರಗೆ ನಮ್ಮ ಮನೆಯವರು ಗಾಡಿ ಚಾಲೂ ಮಾಡದೆ ನಿಂತುಕೊಂಡು, "ಇಷ್ಟ ವರ್ಷ ನಾನೂ ನೆವಾ ಅಂತಿದ್ದೆ" ಎಂದರು. ಅದೂ ನನಗೊಂದು ದಯೆಯೇ.

ಆದರೆ ಹರಕೆ? ದೇವರೆದುರು ಆಡಿದ ಮಾತನ್ನು ಡಾಕ್ಟರು ಹೇಳಿದರೆಂದು ಬಿಡಲಾದೀತೇ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಕಾಕಾನ ಕಟ್ಟೆಗೆ ಹೋಗಿ ಕೂತು, ಹಸಿದಿರಬಾರದೆಂದು ಡಾಕ್ಟರು ಅಂದದ್ದನ್ನು ಹೇಳಿದೆ. ತಿಂಗಳ ಹಿಂದಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಶುಕ್ರವಾರದ್ದು ಚಿಂತಿ ಮಾಡಬ್ಯಾಡ," ಎಂದರು ಅವರೇ. "ಅಕಿ ತಾಯಿ. ಮಗಳು ಉಣ್ಣಲಿಲ್ಲಂದ್ರ ಅಕೀನ ಸಿಟ್ಟಾಗತಾಳ. ಶಿವಂದು ಅಷ್ಟ ಸಸಾರ ಇಲ್ಲ. ಅವ ಗಂಡಸು, ಕೊಟ್ಟ ಮಾತ ಕೇಳತಾನ."

ಮುಂದಿನ ಸೋಮವಾರ ಮುಂಜಾನೆ ನನ್ನನ್ನೂ ಕಾಕಿಯನ್ನೂ ಕರೆದುಕೊಂಡು ಓಣಿಯ ಕೊನೆಯ ಈಶ್ವರ ಗುಡಿಗೆ ಹೋದರು. ನನ್ನ ಬೊಗಸೆಯಲ್ಲಿ ಒಂದು ಬಿಲ್ವಪತ್ರೆ ಇಟ್ಟು ಕಾಕಿಯಿಂದ ನೀರು ಹಾಕಿಸಿದರು. ಅದರ ಕೆಳಗೆ ತಮ್ಮ ಬೊಗಸೆ ಹಿಡಿದರು. "ನಿನ್ನ ಸೋಮವಾರ ನನಗ ಕೊಡು. ಕೊಟ್ಟೆ ಅಂತ ಬಾಯಿಬಿಟ್ಟು ಹೇಳು, ಅವಂಗ ಕೇಳಸಬೇಕು."

"ಕೊಟ್ಟೆ" ಎಂದೆ. ನೀರು ಅವರ ಕೈಗೆ ಇಳಿಯಿತು. ಮನೆಗೆ ಬಂದ ಮೇಲೆ ಕಾಕಿ ತಮ್ಮ ಪಡಸಾಲೆಯಲ್ಲೇ ನನಗೆ ರೊಟ್ಟಿ-ಪುಂಡಿಪಲ್ಯೆ ಬಡಿಸಿದರು. ಅಷ್ಟು ವರ್ಷಗಳ ನಂತರ ಸೋಮವಾರ ಬಾಯಿಗೆ ತುತ್ತು ಇಟ್ಟೆ. ಕಾಕಾ ಎದುರಿಗೆ ಖಾಲಿ ಹೊಟ್ಟೆಯಲ್ಲಿ ಕೂತು, "ಎರಡ ಬಿಡು, ಮೂರ ಹಿಡಿ" ಅನ್ನುತ್ತಿದ್ದರು.

ನೋವು ಹೋಯಿತೆಂದರೆ ಸುಳ್ಳಾದೀತು. ಗುಳಿಗೆ ಬದಲಾದವು, ಒಂದಕ್ಕೆ ನಿದ್ದೆ ಹೆಚ್ಚು, ಒಂದಕ್ಕೆ ಕೈ ಜೋಮು. ಕೊನೆಗೆ ಒಂದು ಸ್ವಲ್ಪ ಹತ್ತಿತು. ತಿಂಗಳಿಗೆ ಎಂಟು-ಹತ್ತು ಸಲ ಬರುತ್ತಿದ್ದದ್ದು ಎರಡು-ಮೂರಕ್ಕೆ ಇಳಿಯಿತು. ಉಳಿದ ದಿನಗಳಲ್ಲಿ ನಾನು ಮಕ್ಕಳ ಜಡೆ ಹಾಕಿದೆ, ಸಂಡಿಗೆ ಹಾಕಿದೆ, ಲಕ್ಷ್ಮೇಶ್ವರದ ನಾದಿನಿಯ ಮನೆಯ ಮದುವೆಯಲ್ಲಿ ಮೂರೂ ದಿನ ನಿಂತು ಬಡಿಸಿದೆ. ನಮ್ಮತ್ತೆಯವರು ಅಲ್ಲಿ ಯಾರಿಗೋ, "ನಮ್ಮ ಸೊಸಿಗೆ ಮೈಗ್ರೇನ ಐತಿ, ಅಕಿಗೆ ಲಗೂ ಉಣ್ಣಾಕ ಹಾಕ್ರಿ" ಅನ್ನುವುದು ಕೇಳಿಸಿತು. ಹೆಸರು ಅವರ ಬಾಯಲ್ಲಿ ಎಷ್ಟು ಚಂದ ಕೂತಿತ್ತು!

ಐದು ವರ್ಷ ಕಾಕಾ ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಉಳಿದ ದಿನ ಅವರು ಮೇಲಿಂದ ಮೇಲೆ ನೀರು ಕುಡಿಯುವುದನ್ನು ನೋಡುತ್ತಿದ್ದೆ. ಬರೆಯುವಾಗ ಒಮ್ಮೊಮ್ಮೆ ಚೌಕ ತಪ್ಪಿ, "ಮನಿ ಮನಿ ಕೂಡ್ಯಾವ ನೋಡು" ಎಂದು ಕಣ್ಣುಜ್ಜಿಕೊಳ್ಳುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆ. ಮಗ್ಗದ ಕುಣಿಯಲ್ಲಿ ಕಾಲುಹಲಗೆ ತುಳಿಯುವಾಗ ಬಲಗಾಲಿಗೆ ಆದ ಒಂದು ಸಣ್ಣ ಗಾಯ ಮಾಯಲೇ ಇಲ್ಲ. ಅರಿಶಿನ ಹಚ್ಚಿದರು, ಬಟ್ಟೆ ಸುತ್ತಿದರು. ನನ್ನ ನೋವಿಗೆ ಹೆಸರು ಹುಡುಕಿಕೊಟ್ಟವರು ತಮ್ಮದನ್ನು ಯಾರಿಗೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ. "ಏನೇನ ಆಗತೈತಿ ಹೇಳ್ರಿ ಕಾಕಾ" ಎಂದು ಒಂದು ಸಲ, ಒಂದೇ ಒಂದು ಸಲ, ನಾನು ಕೇಳಬೇಕಾಗಿತ್ತು.

ಕಾಲು ಕಪ್ಪಿಟ್ಟ ಮೇಲೆ ಗದಗಿನ ದವಾಖಾನೆಗೆ ಸೇರಿಸಿದರು. ಸಕ್ಕರೆ ಕಾಯಿಲೆ ಎಷ್ಟೋ ವರ್ಷದಿಂದ ಇತ್ತೆಂದು ತಿಳಿದದ್ದು ಆಗ. ಮೂತ್ರಪಿಂಡಗಳೂ ಸೋತಿದ್ದವು. ಊಟದ ವಿಷಯ ಡಾಕ್ಟರು ಕೇಳಿದಾಗ ಕಾಕಿ ಗೋಡೆಯ ಕಡೆ ನೋಡುತ್ತ ಹೇಳಿದರು:

"ಸೋಮವಾರ ಬಿಡ್ರಿ, ಬಿಡ್ರಿ ಅಂತ ಬಡಕೊಂಡ್ನಿ. ನನ್ನ ಮಾತ ಎಲ್ಲಿ ಕೇಳತಾರ? ಇನ್ನೊಬ್ಬರ ಹಸಿವಿ ಹೊತ್ತಾರ."

ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ, ಕೈಯಲ್ಲಿ ಗಂಜಿಯ ಡಬ್ಬಿ.

ಡಾಕ್ಟರು ಹೊರಗೆ ಬಂದಾಗ ಬೆನ್ನು ಹತ್ತಿ ಕೇಳಿದೆ, "ಉಪಾಸದಿಂದ ಹಿಂಗಾತೇನ್ರಿ?" ಅವರು ಒಳ್ಳೆಯವರು, ನಿಂತು ಉತ್ತರ ಕೊಟ್ಟರು. "ವರ್ಷಗಟ್ಟಲೆ ಸಕ್ಕರೆ ನೋಡಿಸಿಲ್ಲ, ಔಷಧಿ ಇಲ್ಲ. ವಾರಕ್ಕೊಂದು ಉಪವಾಸದಿಂದಷ್ಟೇ ಆದದ್ದಲ್ಲ ತಾಯಿ." ಉಪವಾಸದಿಂದ "ಅಷ್ಟೇ" ಅಲ್ಲ. ಆ ಒಂದು ಸಣ್ಣ ಮಾತನ್ನು ಅವರು ಸಮಾಧಾನಕ್ಕೆಂದೇ ಆಡಿದರು. ನನಗೆ ಅದು ಇಂದಿಗೂ ಚುಚ್ಚುತ್ತದೆ.

ಮಧ್ಯಾಹ್ನ ಕಾಕಿ ಔಷಧಿ ತರಲು ಹೋದಾಗ ಕಾಕಾನ ಹಾಸಿಗೆಯ ಬಳಿ ಕೂತೆ. ಹೆಬ್ಬೆರಳ ಉಗುರಿನ ಕೆಂಪು ಹೋಗಿ ಬಿಳಿಚಿಕೊಂಡಿತ್ತು.

"ಕಾಕಾ, ನನ್ನ ಸೋಮವಾರ ನನಗ ತಿರಗಿ ಕೊಡ್ರಿ."

ಅವರು ಕಣ್ಣು ತೆರೆದು ನಕ್ಕರು. "ಕೊಟ್ಟದ್ದ ತಿರಗಿ ಕೇಳತಾರೇನು? ಹುಚ್ಚಿ. ಅದು ನಂದು."

"ನನ್ನಿಂದ ಹಿಂಗಾತಲ್ರಿ."

"ನಿನ್ನಿಂದ ಏನಾತು ಹೇಳಲೇನು?" ಉಸಿರು ಸಾಲದೆ ಸ್ವಲ್ಪ ನಿಂತರು. "ಮಂಗಳವಾರದ ರೊಟ್ಟಿ ಭಾಳ ರುಚಿ ಹತ್ತತಿತ್ತು."

ದವಾಖಾನೆಯ ಮೆಟ್ಟಿಲ ಮೇಲೆ ನಿಂತು ನಾನು ಶಿವನಿಗೆ ಗಟ್ಟಿಯಾಗಿಯೇ ಹೇಳಿದೆ: ಇಲ್ಲಿಗೆ ಸಾಕು, ಈ ಹರಕೆ ಮುಗಿಯಿತು, ಅವರ ಲೆಕ್ಕಕ್ಕೂ ಇಲ್ಲ, ನನ್ನ ಲೆಕ್ಕಕ್ಕೂ ಇಲ್ಲ. ಹೋಗುವವರು ಬರುವವರು ನೋಡಿದರು. ನೋಡಲಿ ಬಿಡು.

ಹದಿನೈದು ದಿನಕ್ಕೆ ಅವರನ್ನು ಮನೆಗೆ ಕರೆತಂದರು, ಇನ್ನು ಮಾಡುವುದೇನೂ ಉಳಿದಿಲ್ಲವೆಂದು. ದಿನಾ ಎರಡು ಹೊತ್ತು ಹೋಗಿ ಗಂಜಿ ಕುಡಿಸಿ ಬರುತ್ತಿದ್ದೆ. ಒಂದು ಗುರುವಾರ ಮುಂಜಾನೆ ಗಂಜಿ ಕಾಯಿಸಲು ಒಲೆ ಹಚ್ಚುವಾಗ ಕಣ್ಣೆದುರು ಚುಕ್ಕಿ ಬಂತು. ಚುಕ್ಕಿ ಬಾಗಿತು, ಹಲ್ಲು ಮೂಡಿದವು. ಗುಳಿಗೆ ನುಂಗಿದೆ, ವಾಂತಿಯಲ್ಲಿ ಹೋಯಿತು. ಇಷ್ಟು ಜೋರು ನೋವು ಎರಡು ವರ್ಷದಿಂದ ಬಂದಿರಲಿಲ್ಲ. ಕೋಣೆ ಕತ್ತಲೆ ಮಾಡಿಕೊಂಡು ಮಲಗಿದ್ದಾಗ ಗೋಡೆಯಾಚೆಯಿಂದ ಕಾಕಿಯ ಅಳು ಕೇಳಿಸಿತು. ಎದ್ದೆ. ಎರಡು ಹೆಜ್ಜೆಗೆ ಬಿದ್ದೆ. ನಮ್ಮ ಮನೆಯವರು ಎತ್ತಿ ಮತ್ತೆ ಮಲಗಿಸಿದರು. ನಡುವೆ ಒಂದೇ ಗೋಡೆ. ಜನ ಕೂಡಿದ್ದು, ಭಜನೆ ಹಚ್ಚಿದ್ದು, ಕೊನೆಗೆ ಅವರನ್ನು ಎತ್ತಿದ್ದು, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಕಿವಿಯಿಂದ ಕಂಡೆ. ಮುಖ ಕಾಣಲಿಲ್ಲ.

ಸಂಜೆ ನಮ್ಮತ್ತೆಯವರು ಕಾಕಾನ ಮಣ್ಣು ಮುಗಿಸಿಕೊಂಡು ಬಂದು, ಸ್ನಾನ ಮಾಡಿ, ನನ್ನ ಹಾಸಿಗೆಯ ಪಕ್ಕಕ್ಕೆ ಕೂತರು. ಓಣಿಯವರು ಯಾರೋ, "ಇವತ್ತೂ ಅಕಿಗೆ ತಲಿಬ್ಯಾನಿ ಏನ?" ಎಂದು ಅಂದರಂತೆ. ಹೆಣದ ಮುಂದೆ ಕೂತಿದ್ದ ಕಾಕಿ ತಲೆ ಎತ್ತಿ, "ಅಕಿನ್ನ ಯಾರೂ ಎಬ್ಬಸಾಕ ಹೋಗಬ್ಯಾಡ್ರಿ. ಮಲಗಲಿ. ಅವರಿದ್ದಿದ್ರ ಇದನ್ನ ಹೇಳತಿದ್ರು" ಎಂದರಂತೆ.

ನಾನು ಏಳಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮುಂಜಾನೆ ಗೋಡೆ ಹಿಡಿದುಕೊಂಡು ಆ ಮನೆಗೆ ಹೋದೆ. ಕಾಕಿ ಮಗ್ಗದ ಕುಣಿಯ ಅಂಚಿಗೆ ಕೂತಿದ್ದರು. ದವಾಖಾನೆಯ ಆ ದಿನದ ನಂತರ ನಾವಿಬ್ಬರೇ ಎದುರುಬದುರಾದದ್ದು ಅದೇ ಮೊದಲು. ಅವರ ಕಾಲ ಬಳಿ ಕೂತೆ. ಅಳು ಇನ್ನೇನು ಬರಬೇಕು, ಅಷ್ಟರಲ್ಲಿ ಅವರು ನನ್ನ ಗದ್ದ ಹಿಡಿದೆತ್ತಿದರು.

"ಮುಂಜಾನಿ ಏನರ ತಿಂದೀಯೇನು?"

"ಇಲ್ರಿ ಕಾಕಿ."

"ಅದಕ್ಕ ಮಾರಿ ಹಿಂಗ ಬಿಳಚೇತಿ. ಏಳು." ಓಣಿಯವರು ತಂದಿಟ್ಟಿದ್ದ ಬುತ್ತಿ ಬಿಚ್ಚಿದರು. ರೊಟ್ಟಿ ಮುರಿದು ಮೊಸರಲ್ಲಿ ಕಲಸಿ ನನ್ನೆದುರು ಸರಿಸಿದರು. "ಮೊದಲ ಇದಿಷ್ಟು ಉಣ್ಣು. ಆಮ್ಯಾಲ ಇಬ್ಬರೂ ಕೂಡಿ ಅಳೂಣು."

ನಾನು ಉಂಡೆ. ಒಂದು ತುತ್ತೂ ಬಿಡದೆ ಉಂಡೆ. ಕಾಕಿ ಅಲ್ಲಿಯವರೆಗೆ ಅಳು ತಡೆದುಕೊಂಡು ಕಾಯುತ್ತ ಕೂತಿದ್ದರು.